ಹನ್ನೆರಡನೇ ಕಟ್ಟು

ಜೂನ್ 3, ಮಂಗಳವಾರ

ಲೈಬ್ರರಿಗೆ ಇವತ್ತು ಒಂದು ಪೆಟ್ಟಿಗೆ ಪುಸ್ತಕ ಬಂತು. ಮನೆ ಖಾಲಿ ಮಾಡುವವರು ಯಾರೋ ದಾನ ಕೊಟ್ಟದ್ದಂತೆ. ದಾನ ಅಂದರೆ ತಮಗೆ ಬೇಡವಾದದ್ದು ಅನ್ನುವುದು ನನ್ನ ಇಪ್ಪತ್ತೆರಡು ವರ್ಷದ ಅನುಭವ. ಮೇಲಿನದೆಲ್ಲ ಹುಳ ತಿಂದದ್ದು, ಕೆಳಗಿನದೆಲ್ಲ ತೇವ ಕುಡಿದದ್ದು. ನಡುವೆ ಸಿಕ್ಕ ಹನ್ನೊಂದನ್ನು ಕನ್ನಡಕದ ಮೇಡಂ ಆರಿಸಿ ನನ್ನ ಮೇಜಿನ ಮೇಲಿಟ್ಟು, “ಅಕ್ಕಾ, ಇವಕ್ಕೆ ಸ್ವಲ್ಪ ಜೀವ ತುಂಬಿ” ಅಂದರು.

ಜೀವ ತುಂಬುವವನು ಮೇಲಿದ್ದಾನೆ ಮೇಡಂ, ನಾನು ಹರಿದದ್ದನ್ನು ಹೊಲಿಯುವವಳು ಅಷ್ಟೆ ಅಂದೆ.

ಅವರು ನಕ್ಕರು. ಒಳ್ಳೆಯ ಹುಡುಗಿ. ಶನಿವಾರ ಶನಿವಾರ ಹೈಸ್ಕೂಲಿನ ಮಕ್ಕಳನ್ನು ಸೇರಿಸಿ ಪುಸ್ತಕ ಓದಿಸಿ ಮಾತಾಡಿಸುತ್ತಾರೆ. ನನ್ನ ಮಗಳೂ ಹೋಗುತ್ತಾಳೆ. ಓದಿದ ಮೇಲೆ ಮಾತಾಡುವುದಕ್ಕೆ ಏನಿರುತ್ತದೋ ನನಗೆ ತಿಳಿಯದು. ಊಟ ಮಾಡಿದ ಮೇಲೆ ಕೈ ತೊಳೆದು ಏಳಬೇಕು.

ನಾನು ಓದುವುದಿಲ್ಲ. ಏಳನೇ ಕ್ಲಾಸಿನ ತನಕ ಹಳ್ಳಿ ಶಾಲೆಯಲ್ಲಿ ಕಲಿತಿದ್ದೇನೆ, ಓದಲು ಬರುತ್ತದೆ, ಅದು ಬೇರೆ ಮಾತು. ದರ್ಜಿ ಊರವರ ಅಂಗಿ ಹೊಲಿಯುತ್ತಾನೆ, ಹಾಕಿಕೊಂಡು ತಿರುಗುತ್ತಾನೆಯೇ? ದಿನಾ ಹತ್ತು ಸಾಲು ಬರೆದರೆ ಅಕ್ಷರ ಸೊಟ್ಟ ಆಗುವುದಿಲ್ಲ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಅದಕ್ಕೆ ಉಳಿದ ಹಾಳೆ ಸೇರಿಸಿ ನಾನೇ ಹೊಲಿದುಕೊಂಡ ಪುಸ್ತಕ ಇದು. ಇದಕ್ಕೂ ಓದುಗರು ಯಾರೂ ಇಲ್ಲ. ದೇವರು ದೊಡ್ಡವನು.

ಜೂನ್ 5, ಗುರುವಾರ

ಇವತ್ತು ಒಂದು ಕೆಲಸ ಮಾಡಿದೆ. ತಪ್ಪಲ್ಲ. ಬರೆದು ಇಡುತ್ತೇನೆ.

ಪೆಟ್ಟಿಗೆಯ ಐದನೇ ಪುಸ್ತಕ. ರಟ್ಟಿನ ಮೇಲೆ ನೀರಿನ ಟ್ಯಾಂಕಿನ ಚಿತ್ರ. ಮಕ್ಕಳ ಪತ್ತೇದಾರಿ ಕಥೆಯ ಥರದ್ದು, ಮುದ್ರಣ ನಿಂತು ಎಷ್ಟೋ ವರ್ಷ ಆಯಿತಂತೆ, ಬೇರೆ ಪ್ರತಿ ಎಲ್ಲೂ ಇಲ್ಲವಂತೆ. ಬೆನ್ನು ಪೂರ್ತಿ ಬಿಟ್ಟಿತ್ತು. ಹದಿನಾರು ಪುಟಕ್ಕೊಂದು ಕಟ್ಟು, ಒಟ್ಟು ಹದಿಮೂರು ಕಟ್ಟು. ಹಳೇ ದಾರ ಕತ್ತರಿಸಿ ಸಾಲಾಗಿ ಇಡುವಾಗ ಹನ್ನೆರಡನೆಯದು ಕೈಜಾರಿ ನೆಲಕ್ಕೆ ಬಿತ್ತು. ಎತ್ತುವಾಗ ಕಣ್ಣು ಒಂದು ಸಾಲಿನ ಮೇಲೆ ಬಿತ್ತು. “ಅವಳು ಇಪ್ಪತ್ತೆರಡನೇ ಮೆಟ್ಟಿಲ ಮೇಲೆ ಕಾಲಿಟ್ಟಳು.” ಇಪ್ಪತ್ತಮೂರರಲ್ಲಿ ಏನಾಯಿತು ಎಂದು ನೋಡದೆ ಹೇಗೆ ಇಡುವುದು?

ಶಾಲೆಯ ಮಕ್ಕಳದ್ದು ಒಂದು ಆಟ. ಯಾರೋ ಅಪ್ಪಣೆ ಮಾಡುವುದು, ಇವರು ಮಾಡುವುದು. ಒಂದಕ್ಕಿಂತ ಒಂದು ಭಯಂಕರ. ಆರನೇ ಅಪ್ಪಣೆ ಟ್ಯಾಂಕಿನ ತುದಿಗೆ ಹತ್ತಿ ಕೆಂಪು ರಿಬ್ಬನ್ನು ಕಟ್ಟಿ ಬರುವುದು. ಎರಡು ಜಡೆಯ ಹುಡುಗಿ ಹತ್ತುತ್ತಾಳೆ. ಕೆಳಗಿನಿಂದ ಯಾರೋ ಹೆಸರು ಹಿಡಿದು ಕೂಗುತ್ತಾರೆ. ತಿರುಗುತ್ತಾಳೆ. ಮುಂದಿನದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಅವಳ ತಾಯಿಯದು ಎಂಟು ಪುಟ. ಆ ತಾಯಿ ಆಸ್ಪತ್ರೆಯಿಂದ ಮಗಳ ಒಂದೇ ಕಾಲಿನ ಚಪ್ಪಲಿ ಹಿಡಿದುಕೊಂಡು ಮನೆಗೆ ಬರುತ್ತಾಳೆ, ಇನ್ನೊಂದು ಸಿಗಲಿಲ್ಲ ಎಂದು. ನನ್ನ ಕಣ್ಣಲ್ಲಿ ನೀರು ಬಂತು. ಅಂಟು ಹಳೆಯದಾಗಿದೆ, ಕಣ್ಣಿಗೆ ಹತ್ತುತ್ತದೆ.

ಇದನ್ನು ಮಕ್ಕಳ ಕೈಗೆ ಕೊಡುವುದೇ? ನನಗೆ ಇರುವುದು ಒಬ್ಬಳು. ಹನ್ನೆರಡು ವರ್ಷ ಕಾಣದ ದೇವರಿಗೆಲ್ಲ ಕೈಮುಗಿದು, ಮೂವತ್ತೈದಕ್ಕೆ ಹೆತ್ತವಳು. ಈ ಶನಿವಾರ ಇದೇ ಪುಸ್ತಕ ಅವಳ ಕೈಗೆ ಹೋಗುತ್ತದೆ.

ಹನ್ನೆರಡನೇ ಕಟ್ಟನ್ನು ಪಕ್ಕಕ್ಕಿಟ್ಟೆ. ಹನ್ನೊಂದಕ್ಕೆ ಹದಿಮೂರನ್ನು ಸೇರಿಸಿ ಹೊಲಿದೆ. ಅಧ್ಯಾಯ ಕಟ್ಟಿನ ಅಂಚಿಗೇ ಮುಗಿದು ಅಂಚಿಗೇ ಶುರುವಾಗುತ್ತಿತ್ತು. ಅದನ್ನು ದೇವರೇ ತೋರಿಸಿದ ದಾರಿ ಎಂದುಕೊಂಡೆ. ಬೆನ್ನಿಗೆ ಹೊಸ ಬಟ್ಟೆ, ಹೊಸ ರಟ್ಟು, ಒಳಗೆ ಹಳದಿ ಹಾಳೆ. ಇಂಥ ಅಚ್ಚುಕಟ್ಟಾದ ಹೊಲಿಗೆ ಈ ವರ್ಷ ಹಾಕಿಲ್ಲ.

ತೆಗೆದ ಕಟ್ಟನ್ನು ಏನು ಮಾಡುವುದು? ಅಕ್ಷರ ಇರುವ ಕಾಗದವನ್ನು ಕಸಕ್ಕೂ ಹಾಕಬಾರದು, ಬೆಂಕಿಗೂ ಹಾಕಬಾರದು ಎಂದು ಮೇಷ್ಟ್ರು ಹೇಳಿದ್ದರು. ಊಟದ ಡಬ್ಬಿಯ ಚೀಲದಲ್ಲಿ ಮನೆಗೆ ತಂದು ದೇವರ ಗೂಡಿನಲ್ಲಿ ದೀಪದ ತಟ್ಟೆಯ ಕೆಳಗೆ ಇಟ್ಟೆ. ಅಲ್ಲಿಗೆ ನನ್ನ ಬಿಟ್ಟು ಯಾರೂ ಕೈ ಹಾಕುವುದಿಲ್ಲ.

ಜೂನ್ 9, ಸೋಮವಾರ

ಮೊದಲ ಸರದಿ ಮಗಳದ್ದೇ. ಆರು ಮಕ್ಕಳಿಗೆ ಒಂದೇ ಪ್ರತಿ, ಒಬ್ಬೊಬ್ಬರಿಗೆ ಎರಡು ದಿನ. ತಟ್ಟೆಯ ಮುಂದೆ ಕೂತು ಓದುತ್ತಿದ್ದಳು, ಪುಸ್ತಕದ ಮೇಲೆ ಸಾರು ಚೆಲ್ಲಿದರೆ ಕೈ ಮುರೀತೀನಿ ಅಂದೆ.

“ಚೆನ್ನಾಗಿದೆಯೇನೇ?”

“ಅಮ್ಮ, ಸುಮ್ನಿರು. ಮುಗೀತಾ ಬಂತು.”

ಓದಿ ಮುಗಿಸಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಕ್ಕಳು. ಮುಖ ಅರಳಿತ್ತು. ವಿಷ ತೆಗೆದ ಮೇಲೆ ಹಣ್ಣು ಹಣ್ಣೇ ಅಲ್ಲವೇ.

ಇವರು ಬಸ್ಸಿನ ಡ್ಯೂಟಿ ಮುಗಿಸಿ ಬಂದವರು, “ಏನಿವಳೇ, ಭಾರಿ ಖುಷಿಯಲ್ಲಿದ್ದೀಯ” ಅಂದರು. ಗಂಡಸರಿಗೆ ಎಲ್ಲ ಹೇಳಬೇಕಾಗಿಲ್ಲ.

ಜೂನ್ 21, ಶನಿವಾರ

ಇವತ್ತು ಮಕ್ಕಳೆಲ್ಲ ಓದಿ ಮುಗಿಸಿ ಮಾತಿಗೆ ಕೂತಿದ್ದರು. ನನ್ನ ಕೋಣೆಗೂ ಅವರು ಕೂರುವ ಜಾಗಕ್ಕೂ ನಡುವೆ ಒಂದು ಹಲಗೆ ಮಾತ್ರ. ಕಿವಿ ನನ್ನದು, ಅದಕ್ಕೆ ಬಾಗಿಲಿಲ್ಲ.

ಕೊನೆಯ ಅಧ್ಯಾಯದಲ್ಲಿ ಮಕ್ಕಳೆಲ್ಲ ಟ್ಯಾಂಕಿನ ಕೆಳಗೆ ಸೇರಿ ದೀಪ ಹಚ್ಚಿ, ಏಣಿಯ ಮೊದಲ ಮೆಟ್ಟಿಲಿಗೆ ಕೆಂಪು ರಿಬ್ಬನ್ನು ಕಟ್ಟಿ, ಆ ಹುಡುಗಿಯ ಹೆಸರು ಹಿಡಿದು ಜೋರಾಗಿ ಕೂಗುತ್ತಾರಂತೆ. ಅಲ್ಲಿಗೆ ಕಥೆ ಮುಗಿಯುತ್ತದಂತೆ.

“ಎಂಥಾ ಗೆಲುವು!” ಅಂದಳು ಒಬ್ಬಳು. ಸಣ್ಣ ಹುಡುಗಿ, ಗಂಟಲು ಮಾತ್ರ ದೊಡ್ಡದು, ಗುಬ್ಬಿ ಅಂತ ಕರೆಯುತ್ತಾರೆ. “ಊರಿಗೂರೇ ದೀಪ ಹಚ್ಚಿ ಜೈಕಾರ ಹಾಕ್ತು. ನಂಗೆ ಮೈ ಜುಂ ಅಂತು.”

“ಅವಳು ಮೇಲಿಂದ ಕೈ ಯಾಕೆ ಬೀಸ್ಲಿಲ್ಲ?” ಅಂತ ಇನ್ನೊಬ್ಬ.

“ಗೆದ್ದವರು ಕೈ ಬೀಸಲ್ಲ ಕಣೋ. ಸುಮ್ನೆ ನಿಂತಿರ್ತಾರೆ.”

“ಮತ್ತೆ ರಿಬ್ಬನ್ನು ಕೆಳಗಿನ ಮೆಟ್ಟಿಲಿಗೆ ಯಾಕೆ?”

“ಮುಂದಿನವರು ಹತ್ತಲಿ ಅಂತ ಗುರುತು.” ಇದು ನನ್ನ ಮಗಳ ದನಿ.

ನನ್ನ ಕೈಯ ಸೂಜಿ ನಿಂತಿತು. ಆಗ ಒಬ್ಬ ಹುಡುಗ ಗಂಟಲು ಸರಿಮಾಡಿಕೊಂಡ. ಎಲ್ಲದಕ್ಕೂ ವಾದ ಹೂಡುತ್ತಾನೆಂದು ಅವನಿಗೆ ವಕೀಲ ಅಂತಲೇ ಹೆಸರು. “ಮಾನ್ಯರೇ, ನೂರ ಎಪ್ಪತ್ತಾರನೇ ಪುಟ ಆದ ಮೇಲೆ ನೂರ ತೊಂಬತ್ತಮೂರು ಇದೆ. ಯಾರಾದ್ರೂ ನೋಡಿದ್ರಾ?”

ಪುಸ್ತಕ ಕೈಯಿಂದ ಕೈಗೆ ಹೋದ ಸದ್ದು. ಗಲಾಟೆ. ಆಮೇಲೆ ಮೇಡಂ ನನ್ನ ಬಾಗಿಲಿಗೆ ಬಂದರು. “ಅಕ್ಕಾ, ಇದು ಬಂದಾಗಲೇ ಹೀಗಿತ್ತಾ? ಒಂದು ಕಟ್ಟು ಇಲ್ಲವಲ್ಲ.”

ಕೈಗೆ ಬಂದದ್ದನ್ನು ಹೊಲಿದೆ ಮೇಡಂ ಅಂದೆ.

ಇದು ಸುಳ್ಳಲ್ಲ. ಹೊಲಿದದ್ದೆಲ್ಲ ಕೈಗೆ ಬಂದದ್ದೇ. ಕೈಗೆ ಬಂದದ್ದನ್ನೆಲ್ಲ ಹೊಲಿದೆ ಎಂದು ನಾನು ಹೇಳಲಿಲ್ಲ. ಆದರೂ ಮನೆಗೆ ಬಂದ ಮೇಲೆ ಎರಡು ದೀಪ ಜಾಸ್ತಿ ಹಚ್ಚಿದೆ.

ಮೇಡಂ ವಾಪಸು ಹೋಗಿ ಹೇಳಿದ್ದಕ್ಕೆ ಮಕ್ಕಳು ಒಪ್ಪಲೇ ಇಲ್ಲ. ವಕೀಲ ಎದ್ದು ನಿಂತು ವಾದಿಸಿದ: “ಇಷ್ಟು ಅಚ್ಚುಕಟ್ಟಾಗಿ ಅಧ್ಯಾಯದ ತುದಿಗೇ ಕಳೆದುಹೋಗೋಕೆ ಸಾಧ್ಯಾನಾ? ಇದು ಬರೆದವರ ಉಪಾಯ. ಬೇಕಂತಲೇ ಹದಿನಾರು ಪುಟ ಬಿಟ್ಟಿದ್ದಾರೆ. ಟ್ಯಾಂಕ್ ಹತ್ತಿದಾಗ ಹೇಗನ್ಸುತ್ತೆ ಅಂತ ಓದಿದವರೇ ಕಂಡ್ಕೋಬೇಕು!”

ಎಲ್ಲರೂ ಚಪ್ಪಾಳೆ ತಟ್ಟಿದರು. ಬರೆದವರು ಬಹಳ ಬುದ್ಧಿವಂತರು ಎಂದು ತೀರ್ಮಾನವಾಯಿತು.

ನನ್ನ ಹೊಲಿಗೆಗೆ ಇಪ್ಪತ್ತೆರಡು ವರ್ಷದಲ್ಲಿ ಸಿಕ್ಕಿದ ಮೊದಲ ಚಪ್ಪಾಳೆ. ಸಂತೋಷ ಆಗಬೇಕಿತ್ತು.

ಜೂನ್ 24, ಮಂಗಳವಾರ

ಶಾಲೆ ಬಿಟ್ಟ ಮೇಲೆ ಮಗಳು ನನ್ನ ಕೋಣೆಗೆ ಬಂದು ಹಳದಿ ಹಾಳೆಯ ತುಂಡು ಕೇಳಿದಳು. ಪುಟದ ಗುರುತಿಗಂತೆ. ಪುಟದ ಮೂಲೆ ಮಡಿಚುವ ಚಾಳಿ ಬಿಟ್ಟಳಲ್ಲ ಎಂದು ಹಿಗ್ಗಿದೆ. ಕತ್ತರಿಯಲ್ಲಿ ಸೊಟ್ಟಪಟ್ಟ ಕತ್ತರಿಸುತ್ತಿದ್ದಳು, ತೆಗಿ ಆಚೆ ಅಂದು ನಾನೇ ಅಡಿಪಟ್ಟಿ ಇಟ್ಟು ಬ್ಲೇಡಿನಲ್ಲಿ ನೇರಕ್ಕೆ ಕುಯ್ದು ಕೊಟ್ಟೆ.

“ಎಷ್ಟು ಬೇಕು?”

“ಏಳು ಸಾಕಮ್ಮ.”

ಒಂದೇ ಸಲ ಏಳು ಪುಸ್ತಕ ಓದುತ್ತಾಳೋ ಏನೋ. ಈಗಿನ ಮಕ್ಕಳು.

ಜೂನ್ 27, ಶುಕ್ರವಾರ

ಇವತ್ತು ಮಗಳು ಬೆಳಿಗ್ಗೆಯಿಂದ ದೀಪ ಹಚ್ಚುವ ತನಕ ಒಂದು ಮಾತಾಡಲಿಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಜ್ವರ ಇದೆಯಾ ನೋಡಿದೆ, ಇಲ್ಲ. ಎದುರು ಮಾತಾಡದ ಮಗಳನ್ನು ಹದಿನೈದು ವರ್ಷದಲ್ಲಿ ಇವತ್ತೇ ಕಂಡದ್ದು. ದೇವರಿಗೆ ದಿನಾ ಅದನ್ನೇ ಕೇಳಿಕೊಳ್ಳುತ್ತಿದ್ದೆ. ತಡವಾದರೂ ಕೇಳಿಸಿಕೊಂಡ.

ಇವರಿಗೆ ಹೇಳಿದರೆ, “ಎಂಜಿನ್ ಸದ್ದೇ ಇಲ್ಲದೆ ಓಡಿದರೆ ನಾನಾದರೆ ಗಾಡಿ ನಿಲ್ಲಿಸಿ ನೋಡ್ತೀನಿ” ಅಂದರು. ಇವರಿಗೆ ಜಗತ್ತೆಲ್ಲ ಬಸ್ಸು.

ಜುಲೈ 1, ಮಂಗಳವಾರ

ಇವರ ಬಸ್ಸಿನಲ್ಲಿ ಇವತ್ತು ಒಬ್ಬ ಹುಡುಗ ಹತ್ತಿ, ಮೊದಲ ಸ್ಟಾಪಿನಿಂದ ಕೊನೆಯ ಸ್ಟಾಪಿನ ತನಕ ಕಣ್ಣು ಮುಚ್ಚಿಕೊಂಡು ಜೋರಾಗಿ ಮಗ್ಗಿ ಹೇಳಿದನಂತೆ. ಜನ ಬೈದರೂ ನಿಲ್ಲಿಸಲಿಲ್ಲವಂತೆ. ಇಳಿಯುವಾಗ, “ಕ್ಷಮಿಸಿ ಮಾನ್ಯರೇ” ಅಂದನಂತೆ.

ವಕೀಲನೇ ಇರಬೇಕು. ಮಗ್ಗಿ ಹೇಳುವ ಮಕ್ಕಳು ಈಗಲೂ ಇದ್ದಾರಲ್ಲ, ಅದೇ ಸಮಾಧಾನ.

ಜುಲೈ 3, ಗುರುವಾರ

ಲೈಬ್ರರಿಯ ಕಾಂಪೌಂಡಿನ ಗೋಡೆ ಮೇಲೆ ಗುಬ್ಬಿ ಎರಡೂ ಕೈ ಚಾಚಿಕೊಂಡು ಈ ತುದಿಯಿಂದ ಆ ತುದಿಗೆ ನಡೆಯುತ್ತಿತ್ತು. ಕಿಟಕಿಯಿಂದ ಗದರಿದೆ. “ಮುಗೀತು ಆಂಟಿ, ಐದೂ ಮುಗೀತು!” ಎಂದು ಹಾರಿ ಓಡಿತು. ಐದು ಏನು ಎಂದು ಕೇಳಲು ಸಿಗಲಿಲ್ಲ.

ಮಗಳು ಮೂರು ದಿನದಿಂದ ಕತ್ತಲೆ ಹರಿಯುವ ಮೊದಲೇ ಎದ್ದು ತಣ್ಣೀರಲ್ಲಿ ಸ್ನಾನ ಮಾಡುತ್ತಿದ್ದಾಳೆ. ನಾನು ಏನೂ ಹೇಳಿಕೊಟ್ಟಿಲ್ಲ. ಅದಾಗಿ ಬಂದ ಭಕ್ತಿ. ಕಣ್ಣು ಬೀಳದಿರಲಿ ಎಂದು ಯಾರಿಗೂ ಹೇಳಿಲ್ಲ.

ದೀಪದ ತಟ್ಟೆ ಒರೆಸುವಾಗ ಆ ಕಟ್ಟನ್ನು ತೆಗೆದು ಚಪ್ಪಲಿಯ ಪುಟವನ್ನು ಇನ್ನೊಂದು ಸಲ ಓದಿದೆ. ಎಣ್ಣೆ ಬಿದ್ದಿದೆಯಾ ನೋಡುವುದಕ್ಕೆ.

ಜುಲೈ 5, ಶನಿವಾರ

ಮಗಳು ಮನೆಯಲ್ಲಿದ್ದಾಳೆ. ಊಟ ಮಾಡಿದಳು. ಇವತ್ತು ಬರೆಯಲಾಗುವುದಿಲ್ಲ.

ಜುಲೈ 6, ಭಾನುವಾರ

ನಿನ್ನೆಯದನ್ನು ಬರೆಯಬೇಕು. ಬರೆಯದಿದ್ದರೆ ಹೊಟ್ಟೆಯೊಳಗೇ ಉಳಿಯುತ್ತದೆ.

ಶನಿವಾರ ನಾನು ಅರ್ಧ ದಿನ ರಜೆ ಹಾಕಿದ್ದೆ. ಊಟ ಆಗಿ ಬಟ್ಟೆ ಒಗೆಯಲು ಕೂತೆ. ಮಗಳ ಶಾಲೆಯ ಅಂಗಿಯ ಜೇಬಿನಲ್ಲಿ ಹಳದಿ ಚೀಟಿ. ನಾನೇ ಬ್ಲೇಡಿನಲ್ಲಿ ಕುಯ್ದದ್ದು, ಅಂಚು ನೋಡಿದರೆ ಗೊತ್ತಾಗುತ್ತದೆ. ಒಳಗೆ ಬೇರೆ ಯಾರದೋ ಕೈಬರಹ:

“ಆರನೇ ಅಪ್ಪಣೆ. ಟ್ಯಾಂಕ್. ಶನಿವಾರ ಐದು ಗಂಟೆ. ರಿಬ್ಬನ್ನು ನೀನೇ ತರಬೇಕು.”

ಮಾತಾಡದಿದ್ದ ದಿನ, ತಣ್ಣೀರು, ಮಗ್ಗಿ, ಗೋಡೆ, ಎಲ್ಲ ಒಟ್ಟಿಗೇ ಬಂದು ಎದೆಗೆ ಒದ್ದವು. ಗಡಿಯಾರ ನೋಡಿದೆ. ನಾಲ್ಕೂವರೆ. ಲೈಬ್ರರಿಗೆ ಹೋಗ್ತೀನಿ ಅಂತ ಅವಳು ಹೊರಟು ಅರ್ಧ ಗಂಟೆ ಆಗಿತ್ತು. ಜಡೆಗೆ ಹೊಸ ರಿಬ್ಬನ್ನು ಬೇಕು ಅಂದಿದ್ದಳು. ನಾನೇ ಪೆಟ್ಟಿಗೆಯಿಂದ ಕೆಂಪು ಬಣ್ಣದ್ದು ತೆಗೆದುಕೊಟ್ಟಿದ್ದೆ.

ದೇವರ ಗೂಡಿನ ಮುಂದೆ ಕೂತೆ. ನನಗೆ ಗೊತ್ತಿರುವುದು ಒಂದೇ ದಾರಿ, ಹರಕೆ. ‘ನೀನು ಅವಳನ್ನು ಇಳಿಸಿಕೊಡು, ನಾನು ಇಷ್ಟು ದಿನ ಉಪವಾಸ ಇರುತ್ತೇನೆ, ನಾನು ಇಂಥದ್ದು ಮಾಡುತ್ತೇನೆ...’ ಎಂದು ಶುರು ಮಾಡಿದೆ. ಅಪ್ಪಣೆಯ ಚೀಟಿ ಕೈಯಲ್ಲೇ ಇತ್ತು. ಯಾಕೋ ಮಾತು ಮುಂದೆ ಹೋಗಲಿಲ್ಲ. ಹೊತ್ತೂ ಇರಲಿಲ್ಲ. ಅರ್ಧಕ್ಕೆ ಬಿಟ್ಟು, ತಟ್ಟೆಯ ಕೆಳಗಿನ ಕಟ್ಟನ್ನು ಎಳೆದುಕೊಂಡು ಓಡಿದೆ. ದೀಪ ಉರುಳಿತು. ತಿರುಗಿ ನೋಡಲಿಲ್ಲ.

ಲೈಬ್ರರಿಯ ಹಿಂದಿನ ಮೈದಾನದ ಆಚೆ ಹಳೇ ಟ್ಯಾಂಕು. ನೀರು ನಿಂತು ವರ್ಷಗಳಾಗಿವೆ. ಗೇಟಿನ ಬೀಗ ಯಾವತ್ತೋ ಮುರಿದದ್ದು. ಕೆಳಗೆ ಐದು ಜನ ಮುಖ ಮೇಲೆತ್ತಿಕೊಂಡು ನಿಂತಿದ್ದರು. ಏಣಿಯ ಮೇಲೆ ನನ್ನ ಮಗಳು. ಎಣಿಸಿದೆ, ಹದಿನಾಲ್ಕನೇ ಮೆಟ್ಟಿಲು. ಬಾಯಲ್ಲಿ ಕೆಂಪು ರಿಬ್ಬನ್ನು ಕಚ್ಚಿಕೊಂಡಿದ್ದಳು.

ಇಳಿಯೇ ಕೆಳಗೆ ಎಂದು ಕೂಗಲು ಬಾಯಿ ತೆರೆದೆ. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆಗ ನೆನಪಾಯಿತು. ಕಥೆಯ ಹುಡುಗಿ ಬಿದ್ದದ್ದು ಕೆಳಗಿನಿಂದ ಹೆಸರು ಹಿಡಿದು ಕೂಗಿದಾಗ. ಇದು ನೂರ ಎಂಬತ್ತೊಂದನೇ ಪುಟ. ಬಾಯಿ ಮುಚ್ಚಿಕೊಂಡೆ.

ವಕೀಲನ ಪಕ್ಕಕ್ಕೆ ಹೋಗಿ ಮೆಲ್ಲಗೆ, “ಆ ಹದಿನಾರು ಪುಟ ನನ್ನ ಹತ್ತಿರ ಇದೆ” ಅಂದೆ.

“ಏನಂದ್ರಿ?”

ಗುಬ್ಬಿಗೆ ಕೇಳಿಸಿತು. ಗುಬ್ಬಿಗೆ ಕೇಳಿಸಿದರೆ ಊರಿಗೆ ಡಂಗುರ. ಬಾಯಿ ತೆರೆಯುವಷ್ಟರಲ್ಲಿ ಅಂಗೈಯಿಂದ ಮುಚ್ಚಿ, ಅದನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಏಣಿಯ ಬುಡದಲ್ಲಿ ನೆಲದ ಮೇಲೆ ಕೂತೆ. ಕಟ್ಟು ಬಿಚ್ಚಿ ಬೆರಳಿಟ್ಟು ಓದಲು ಶುರು ಮಾಡಿದೆ. ಹಳ್ಳಿ ಶಾಲೆಯಲ್ಲಿ ಎದ್ದು ನಿಂತು ಪಾಠ ಓದುವ ಹಾಗೆ, ಒಂದೊಂದೇ ಪದ. ಆದರೆ ಸಣ್ಣ ದನಿಯಲ್ಲಿ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ರಿಬ್ಬನ್ನು ಬಾಯಿಂದ ತೆಗೆದ ದನಿ ಬಂತು. “ಅಮ್ಮಾ? ನೀನಿಲ್ಲಿ ಏನ್ ಮಾಡ್ತಿದ್ದೀಯ? ಏನದು ಓದ್ತಿರೋದು?”

“ನೂರ ಎಪ್ಪತ್ತೇಳನೇ ಪುಟ.”

“ಸುಳ್ಳು.”

“ಸುಳ್ಳು ಹೇಳಿದ್ದು ಹೋದ ಸಲ. ಇದು ನಿಜ.”

“ಅಂದ್ರೆ ಇತ್ತಾ? ಆ ಪುಟಗಳು ಇದ್ವಾ? ಗಟ್ಟಿಯಾಗಿ ಓದು!”

“ನನ್ನ ಗಂಟಲು ಇಷ್ಟೇ. ಕೇಳಬೇಕು ಅಂದ್ರೆ ಹತ್ತಿರ ಬಾ. ನಿಧಾನ. ಕಾಲು ನೋಡ್ಕೊಂಡು.”

ಓದಿದೆ. ಒಂದು ಪ್ಯಾರಾ ಆಗುವಷ್ಟರಲ್ಲಿ ಕಬ್ಬಿಣದ ಮೇಲೆ ಚಪ್ಪಲಿ ಸವರಿದ ಸದ್ದು. ಹದಿಮೂರು. ನಾನು ತಲೆಯೆತ್ತಲಿಲ್ಲ. ಪುಟ ತಿರುವಿದೆ. ಹನ್ನೆರಡು. ವಕೀಲನಿಗೆ ತಾಳ್ಮೆ ಇಲ್ಲ, “ಆಂಟಿ, ನಾನು ಬೇಗ ಓದ್ತೀನಿ ಕೊಡಿ” ಎಂದು ಕೈ ಚಾಚಿದ. ಕೈಗೆ ಒಂದು ಏಟು ಕೊಟ್ಟೆ. ಬೇಗ ಓದುವ ಹೊತ್ತೇ ಅದು? ಮುಂದೇನು ಅನ್ನಿಸುವ ಕಡೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡೆ.

“ಆಮೇಲೆ? ಅಮ್ಮ, ಆಮೇಲೇನಾಯ್ತು?”

“ಅಕ್ಷರ ಸಣ್ಣದು. ತಡಿ.”

ಹನ್ನೊಂದು. ಹತ್ತು. ಒಂಬತ್ತರಲ್ಲಿ ನಿಂತಳು. ನಾನೂ ಓದು ನಿಲ್ಲಿಸಿದೆ. ಎಂಟು.

ಕಥೆಯ ಹುಡುಗಿ ಇಪ್ಪತ್ತೆರಡನೇ ಮೆಟ್ಟಿಲಿಗೆ ಬಂದಾಗ ನನ್ನ ಮಗಳ ಉಸಿರು ನನ್ನ ಕಿವಿಯ ಹತ್ತಿರ ಇತ್ತು. ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡು ಬಲಗೈಯ ಬೆರಳಿಟ್ಟು ಇಪ್ಪತ್ತಮೂರನ್ನು ಓದಿದೆ. ಬಿಡಲಿಲ್ಲ. ಆಮೇಲಿನ ಎಂಟು ಪುಟವನ್ನೂ ಓದಿದೆ, ಚಪ್ಪಲಿಯ ತನಕ. ಒಂದೆರಡು ಕಡೆ ಸಾಲು ತಪ್ಪಿತು. ಯಾರೂ ನಗಲಿಲ್ಲ.

ಮುಗಿದ ಮೇಲೆ ವಕೀಲ, “ಹಾಗಾದ್ರೆ ಕೊನೇಲಿ ಹಚ್ಚಿದ ದೀಪ...” ಅಂದ. ಮುಂದೆ ವಾದ ಮಂಡಿಸಲಿಲ್ಲ. ಗುಬ್ಬಿ ಸದ್ದಿಲ್ಲದೆ ಅಳುತ್ತಿತ್ತು. ಅದಕ್ಕೆ ಸದ್ದಿಲ್ಲದೆಯೂ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಗಳು ಕೈ ಬಿಡಿಸಿಕೊಂಡಳು. “ಇದು ಎಷ್ಟು ದಿನದಿಂದ ನಿನ್ನ ಹತ್ತಿರ ಇದೆ?”

“ಒಂದು ತಿಂಗಳು.”

“ಎಲ್ಲಿತ್ತು?”

“ದೇವರ ಗೂಡಲ್ಲಿ.”

“ನಾವೆಲ್ಲ ಅವಳು ಗೆದ್ದಳು ಅಂದ್ಕೊಂಡಿದ್ವಿ. ಅಮ್ಮ, ಒಂದು ತಿಂಗಳು ನಾನು ಅವಳು ಗೆದ್ದಳು ಅಂದ್ಕೊಂಡಿದ್ದೆ!”

ನಿನಗೆ ಕೆಟ್ಟದ್ದು ಬೇಡ ಅಂತ ತೆಗೆದೆ ಎಂದು ಹೇಳಲು ಹೋದೆ. ಟ್ಯಾಂಕಿನ ನೆರಳಲ್ಲಿ ಕೂತು ಆ ಮಾತು ಬಾಯಿಗೆ ಬರಲಿಲ್ಲ.

ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ಇವತ್ತೂ ಇಲ್ಲ. ಈ ಸಲ ಯಾರ ಅಪ್ಪಣೆಯೂ ಅಲ್ಲ.

ಮನೆಗೆ ಬಂದರೆ ಗೂಡಿನಲ್ಲಿ ಉರುಳಿದ ದೀಪ ತಾನಾಗಿ ಆರಿತ್ತು. ಇವರಿಗೆ ಎಲ್ಲ ಹೇಳಿದೆ. “ತಿರುವು ಇದೆ ಅನ್ನೋ ಬೋರ್ಡನ್ನೇ ಕಿತ್ತು ಮನೇಲಿ ಇಟ್ಕೊಂಡಿದ್ದೆಯಲ್ಲೇ” ಅಂದರು. ಒಂದೊಂದು ಸಲ ಇವರ ಬಸ್ಸಿನ ಮಾತು ಸರಿಯಾಗಿಯೇ ಇರುತ್ತದೆ.

ಜುಲೈ 7, ಸೋಮವಾರ

ಬೆಳಿಗ್ಗೆ ಹೋದವಳೇ ಲೈಬ್ರರಿಯ ದೊಡ್ಡ ಸಾಹೇಬರ ಮೇಜಿನ ಮೇಲೆ ಕಟ್ಟು ಇಟ್ಟು ನಡೆದದ್ದು ಹೇಳಿದೆ. ಮೇಡಂ ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಸಾಹೇಬರು ಕೇಳಿದರು: “ಇಪ್ಪತ್ತೆರಡು ವರ್ಷದಲ್ಲಿ ಇನ್ನೆಷ್ಟು ಪುಸ್ತಕದಿಂದ ಏನೇನು ಕಿತ್ತಿದ್ದೀರಮ್ಮ?”

“ಓದಿದ್ದು ಇದೊಂದೇ ಸಾರ್. ಓದದೆ ಹೇಗೆ ಕೀಳೋದು?”

“ಓದದೇ ಕೀಳುವವರೇ ಜಾಸ್ತಿ” ಅಂದರು. ಅದು ಬೈಗುಳವೋ ಏನೋ ತಿಳಿಯಲಿಲ್ಲ. ಕೆಲಸ ಹೋಗುತ್ತದೆ ಎಂದುಕೊಂಡೆ. ಮಾಡಿದ್ದುಣ್ಣೋ ಮಹರಾಯ.

ಅಷ್ಟರಲ್ಲಿ ವಕೀಲನ ಅಪ್ಪ ಬಂದರು. ಮಗನಿಗಿಂತ ದೊಡ್ಡ ಗಂಟಲು. ಇಂಥ ಪುಸ್ತಕ ಲೈಬ್ರರಿಯಲ್ಲಿ ಇಟ್ಟದ್ದೇ ತಪ್ಪು, ಪುಸ್ತಕ ಓದಿಯೇ ಮಕ್ಕಳು ಟ್ಯಾಂಕಿನ ಹತ್ತಿರ ಹೋದದ್ದು ಎಂದು ಕೂಗಾಡಿದರು. “ಪೂರ್ತಿ ತೆಗೆಯಕ್ಕಾಗಲ್ಲ ಅಂದ್ರೆ ಆ ಟ್ಯಾಂಕಿನ ಪುಟಗಳನ್ನಾದ್ರೂ ಕಿತ್ತು ಬಿಸಾಕಿ!”

ಸಾಹೇಬರು ಮಾತಾಡುವ ಮೊದಲೇ ನನ್ನ ಬಾಯಿಂದ ಬಂತು: “ಕಿತ್ತು ನೋಡಿಯಾಯ್ತು ಸ್ವಾಮಿ.”

“ನೀವ್ಯಾರು?”

“ಕಿತ್ತವಳು.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನೇ ಕೇಳಿದೆ:

“ನೀವು ಪುಸ್ತಕ ಪೂರ್ತಿ ಓದಿದ್ದೀರಾ?”

“ನಾನ್ಯಾಕೆ ಓದ್ಲಿ?”

“ಹಾಗನ್ಬೇಡಿ. ಓದಿ. ಮೊದಲ ಕಟ್ಟಿನಲ್ಲೇ ಹಳದಿ ಚೀಟಿ ಬರುತ್ತಂತೆ. ನಾನು ಓದಿದ್ದಿದ್ರೆ ಚೀಟಿ ಕುಯ್ದು ಕೊಡ್ತಾನೇ ಇರ್ಲಿಲ್ಲ.”

ಮೇಡಂ ಕಿಟಕಿ ಕಡೆ ತಿರುಗಿಕೊಂಡರು. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದರೋ ಏನೋ.

ಸಾಹೇಬರು ಕೊನೆಗೆ ಕೊಟ್ಟ ಶಿಕ್ಷೆ: ತಪ್ಪನ್ನು ಕಾಗದದಲ್ಲಿ ಬರೆದುಕೊಡಬೇಕು, ಪುಸ್ತಕವನ್ನು ಮೊದಲಿನಿಂದ ಬಿಚ್ಚಿ ಹೊಲಿಯಬೇಕು. ಟ್ಯಾಂಕಿನ ಗೇಟಿಗೆ ಹೊಸ ಬೀಗ ಹಾಕಿಸಲು ನೀರಿನ ಇಲಾಖೆಯವರಿಗೆ ಪತ್ರ ಬರೆಯುತ್ತೇನೆ ಅಂದರು. ಆ ಪತ್ರ ಹೋಗಿದೆಯಾ ಎಂದು ನಾಳೆ ಕೇಳಬೇಕು. ನಾಡಿದ್ದೂ ಕೇಳಬೇಕು.

ಜುಲೈ 8, ಮಂಗಳವಾರ

ಮಗಳು ಇವತ್ತು ಬಾಯಿ ತೆರೆದಳು. “ಉಪ್ಪು ಕಡಿಮೆ” ಅಂದಳು. ಎಷ್ಟು ಚೆನ್ನಾಗಿ ಕೇಳಿಸಿತು.

ಜುಲೈ 12, ಶನಿವಾರ

ಮೂರು ಗಂಟೆಗೆ ಹೊಲಿಯುತ್ತಾ ಕೂತಿದ್ದೆ. ಬಾಗಿಲ ಸಂದಿಯಿಂದ ಹಳದಿ ಚೀಟಿ ಒಳಗೆ ಜಾರಿತು. ಜೀವ ಹಾರಿಹೋಯಿತು.

“ಏಳನೇ ಅಪ್ಪಣೆ. ಕಟ್ಟು ಕದ್ದವರು ಇವತ್ತೇ ಬಂದು ನಮ್ಮ ಜೊತೆ ಕೂರತಕ್ಕದ್ದು. ಪುಸ್ತಕವನ್ನು ಮೊದಲಿನಿಂದ ಕೊನೆಯ ತನಕ ಓದಿರತಕ್ಕದ್ದು. ತಪ್ಪಿದರೆ ಬಿಡುವುದಿಲ್ಲ.”

ಮಗಳ ಅಕ್ಷರ. ನನ್ನದಕ್ಕಿಂತ ಸೊಟ್ಟ.

ಬಿಚ್ಚಿಟ್ಟ ಕಟ್ಟುಗಳನ್ನು ಒಂದರಿಂದ ಹದಿಮೂರರ ತನಕ ಈ ವಾರ ಓದಿ ಮುಗಿಸಿದ್ದೆ. ಹೊಲಿಯುವಾಗ ಯಾವುದಾದರೂ ಪುಟ ತಪ್ಪಬಾರದಲ್ಲ, ಅದಕ್ಕೆ. ಹೋಗಿ ಕೂತೆ. ಐದು ನಿಮಿಷ ಸುಮ್ಮನಿರೋಣ ಎಂದುಕೊಂಡಿದ್ದೆ. ಆದರೆ ವಕೀಲ ಆ ತಾಯಿಯದ್ದೇ ತಪ್ಪು, ಮಗಳ ಮೇಲೆ ಕಣ್ಣಿಡಬೇಕಿತ್ತು ಅಂದ. ನಾನು ಬಿಡುತ್ತೇನೆಯೇ? ಆ ತಾಯಿ ಕಣ್ಣಿಟ್ಟೇ ಇದ್ದಳು, ಇಡಬೇಕಾದ ಕಡೆ ಇಟ್ಟಿರಲಿಲ್ಲ ಅಂದೆ. ಎರಡೂ ಒಂದೇ ಅಂದ. ಒಂದೇ ಹೇಗಾಗುತ್ತದೆ, ಎಂಟನೇ ಕಟ್ಟು ತೆಗೆದು ನೋಡು ಅಂದೆ. “ಎಂಟನೇ ಅಧ್ಯಾಯಾನಾ ಆಂಟಿ?” “ಕಟ್ಟು ಕಣೋ, ಕಟ್ಟು!” ಕೊನೆಯ ದೀಪದ ಅಧ್ಯಾಯವೇ ಬೇಡವಿತ್ತು, ಚಪ್ಪಲಿಗೇ ನಿಲ್ಲಿಸಬೇಕಿತ್ತು ಎಂದೂ ಹೇಳಿದೆ. ಗುಬ್ಬಿ ಒಪ್ಪಲಿಲ್ಲ. ಐದೂವರೆಯಾದರೂ ಮುಗಿಯಲಿಲ್ಲ.

ಮನೆಗೆ ಬರುವಾಗ ಮಗಳು, “ಅಮ್ಮ, ನೀನು ಯಾರಿಗೂ ಮಾತಾಡೋಕೆ ಬಿಡಲ್ಲ” ಅಂದಳು. ಸುಳ್ಳು. ನಾನು ಮಾತಾಡಿದ್ದು ಎರಡು ಮಾತು.

ಜುಲೈ 16, ಬುಧವಾರ

ಪುಸ್ತಕ ಮುಗಿಯಿತು. ಹದಿಮೂರು ಕಟ್ಟೂ ಇದೆ, ನಾಲ್ಕು ಸಲ ಎಣಿಸಿದೆ.

ಒಂದೇ ಒಂದು ಊನ. ಹನ್ನೆರಡನೆಯದು ಒಂದು ತಿಂಗಳು ದೀಪದ ತಟ್ಟೆಯ ಕೆಳಗಿತ್ತಲ್ಲ, ಮಿಕ್ಕವುಗಳ ಜೊತೆ ಕೂಡುತ್ತಿಲ್ಲ. ಕಾಗದ ಎಣ್ಣೆ ಕುಡಿದು ಗಡುಸಾಗಿದೆ, ಮಡಿಕೆ ಸಡಿಲವಾಗಿದೆ, ಬದಿಯಲ್ಲಿ ಕೂದಲೆಳೆಯಷ್ಟು ಮುಂದಕ್ಕೆ ಬಂದಿದೆ. ಮೇಜಿನ ಮೇಲೆ ಬೆನ್ನು ಊರಿ ನಿಲ್ಲಿಸಿ ಕೈ ಬಿಟ್ಟರೆ, ಪುಸ್ತಕ ಪ್ರತಿ ಸಲವೂ ನೂರ ಎಪ್ಪತ್ತೇಳನೇ ಪುಟಕ್ಕೇ ತೆರೆದುಕೊಳ್ಳುತ್ತದೆ. ಹತ್ತು ಸಲ ಮಾಡಿ ನೋಡಿದೆ. ಹತ್ತು ಸಲವೂ ಅಲ್ಲಿಗೇ.

ಮೇಡಂ ಬಂದು ನೋಡಿ, “ಅಕ್ಕಾ, ಇದನ್ನ ಪ್ರೆಸ್ಸಿನಲ್ಲಿ ಎರಡು ದಿನ ಬಿಗಿದಿಟ್ಟರೆ ಸರಿಹೋಗಲ್ವಾ?” ಎಂದು ಕೇಳಿದರು.

ಹೋಗುತ್ತದೆ. ಎರಡು ದಿನ ಬೇಡ, ಒಂದು ದಿನ ಸಾಕು.

ಪ್ರೆಸ್ಸು ಖಾಲಿ ಇಲ್ಲ ಮೇಡಂ ಅಂದೆ.